ಕಲ್ಲುಗಣಿಯಿಂದ ಬೆಳೆಗೂ ಮಣ್ಣಿಗೂ ಆಗುವ ನಷ್ಟ: ತುಂಬಿಕೊಡಬೇಕಾದವರು ಯಾರು?

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಬಳ್ಳಾರಿಯ ಅದಿರಿಲ್ಲ, ಕೋಲಾರದ ಚಿನ್ನವಿಲ್ಲ. ಆದುದರಿಂದ ಗಣಿಗಾರಿಕೆಯೆಂಬುದು ಸಂಡೂರು, ಹೊಸಪೇಟೆ ಕಡೆಯ ಮಾತು, ತಮಗೆ ಸಂಬಂಧಿಸಿದ್ದಲ್ಲ ಎಂದು ಇಲ್ಲಿನ ರೈತರಲ್ಲಿ ಅನೇಕರು ಭಾವಿಸಿದ್ದಾರೆ. ಆದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಕಲ್ಲುಬೆಟ್ಟಗಳಿಂದ ದಿನವೂ ಬೆಂಗಳೂರಿಗೆ ಹೋಗುವ ಸೈಜುಗಲ್ಲು, ಜಲ್ಲಿ, ಎಂ-ಸ್ಯಾಂಡ್ ಎಲ್ಲವೂ ಗಣಿಯ ಉತ್ಪನ್ನಗಳೇ. ಕಾನೂನಿನಲ್ಲಿ ಇವುಗಳಿಗೆ ಉಪಖನಿಜಗಳೆಂದು ಹೆಸರು. ಹೆಸರಿನಲ್ಲಿ ‘ಉಪ’ ಇದ್ದರೂ ಪಕ್ಕದ ಹೊಲದವನಿಗೆ ಆಗುವ ಹಾನಿ ಉಪವಲ್ಲ.

ಊರ ಹತ್ತಿರ ಕ್ವಾರಿಯಾಗಲಿ ಕ್ರಷರ್ ಆಗಲಿ ಆರಂಭವಾದ ಮೇಲೆ ಬೆಳೆ ಕಡಿಮೆಯಾಯಿತು, ಕೊಳವೆ ಬಾವಿ ಬತ್ತಿತು ಎಂದು ರೈತರು ಹೇಳುವುದು ಸಾಮಾನ್ಯ. ಅದಕ್ಕೆ ಮಾಲೀಕರು ಕೊಡುವ ಉತ್ತರವೂ ಸಾಮಾನ್ಯ: “ಮಳೆ ಇಲ್ಲ, ಅದಕ್ಕೆ ನಾವೇನು ಮಾಡೋಣ?” ಈ ಎರಡು ಮಾತುಗಳ ನಡುವೆ ಸತ್ಯ ಎಲ್ಲಿದೆಯೆಂದು ತೋರಿಸುವ ಹೊಣೆ ಯಾರದು, ನಷ್ಟವನ್ನು ಲೆಕ್ಕ ಹಾಕುವುದು ಹೇಗೆ, ಅದನ್ನು ಗಣಿ ನಡೆಸಿದವನಿಂದಲೂ ಅವನಿಗೆ ಹಣ ಒದಗಿಸಿದವರಿಂದಲೂ ಕೇಳಲು ಬರುತ್ತದೆಯೇ ಎಂಬ ವಿಷಯಗಳನ್ನು ರೈತರು ತಿಳಿದಿರುವುದು ಅವಶ್ಯಕ.

ಧೂಳು ಬೆಳೆಗೆ ಮಾಡುವುದೇನು?

ಕ್ರಷರಿನಿಂದ ಏಳುವ ಕಲ್ಲುಪುಡಿ ಎಲೆಯ ಮೇಲೆ ಕುಳಿತಾಗ ಮೊದಲು ಬಿಸಿಲನ್ನು ತಡೆಯುತ್ತದೆ. ಎಲೆಯು ಆಹಾರ ತಯಾರಿಸುವ ಕ್ರಿಯೆ ಅಷ್ಟರಮಟ್ಟಿಗೆ ಕುಂಠಿತವಾಗುತ್ತದೆ. ಸಣ್ಣ ಕಣಗಳು ಪತ್ರರಂಧ್ರಗಳನ್ನು ಮುಚ್ಚಿ ಉಸಿರಾಟಕ್ಕೂ ನೀರು ಆವಿಯಾಗುವುದಕ್ಕೂ ಅಡ್ಡಿ ಮಾಡುತ್ತವೆ. ಎಲೆಯ ಶಾಖ ಏರುತ್ತದೆ. ಹೂ ಬಿಡುವ ಕಾಲದಲ್ಲಿ ಧೂಳು ಶಲಾಕೆಯ ಮೇಲೆ ಬಿದ್ದರೆ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಧೂಳು ಹಿಡಿದ ಗಿಡಗಳಲ್ಲಿ ನುಸಿಯ ಬಾಧೆ ಹೆಚ್ಚುವುದನ್ನು ತರಕಾರಿ ಬೆಳೆಯುವವರು ಸ್ವತಃ ನೋಡಿರುತ್ತಾರೆ.

ಮಳೆಗಾಲದ ರಾಗಿಗೆ ಈ ಹಾನಿ ಅಷ್ಟಾಗಿ ಕಾಣದು, ಏಕೆಂದರೆ ಮಳೆ ಎಲೆಯನ್ನು ತೊಳೆಯುತ್ತದೆ. ಜನವರಿಯಿಂದ ಮೇ ತಿಂಗಳವರೆಗೆ ನೀರಾವರಿಯಲ್ಲಿ ನಿಂತಿರುವ ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿಗಳಿಗೆ ಪೆಟ್ಟು ಹೆಚ್ಚು. ದ್ರಾಕ್ಷಿ ಹಣ್ಣಿನ ಮೇಲಿರುವ ಬೂದಿಯಂಥ ಮೇಣದ ಪೊರೆಯೇ ಅದರ ಅಂದ. ಧೂಳು ಕುಳಿತ ಗೊಂಚಲನ್ನು ಒರೆಸಿದರೆ ಪೊರೆ ಹೋಗುತ್ತದೆ, ಒರೆಸದಿದ್ದರೆ ವ್ಯಾಪಾರಿ ಬೆಲೆ ಇಳಿಸುತ್ತಾನೆ.

ಎಲ್ಲಕ್ಕಿಂತ ಹೆಚ್ಚು ಕಷ್ಟಕ್ಕೆ ಸಿಕ್ಕುವವನು ರೇಷ್ಮೆ ಬೆಳೆಗಾರ. ಧೂಳಿನ ಸೊಪ್ಪನ್ನು ಹುಳು ಪೂರ್ತಿ ತಿನ್ನುವುದಿಲ್ಲ. ಹಾಸಿಗೆಯಲ್ಲಿ ಸೊಪ್ಪು ಉಳಿಯುತ್ತದೆ, ಹುಳುಗಳ ಬೆಳವಣಿಗೆ ಹೆಚ್ಚುಕಡಿಮೆಯಾಗಿ ಜ್ವರಕ್ಕೆ ಕೂರುವುದು, ಹಣ್ಣಾಗುವುದು ಒಂದೇ ಸಲ ಆಗುವುದಿಲ್ಲ. ಸೊಪ್ಪನ್ನು ತೊಳೆದು ಹಾಕೋಣವೆಂದರೆ ಹಾಸಿಗೆಯಲ್ಲಿ ತೇವ ಹೆಚ್ಚಿ ಸುಣ್ಣಕಟ್ಟು, ಸಪ್ಪೆ ರೋಗಗಳಿಗೆ ದಾರಿಯಾಗುತ್ತದೆ. ತೊಳೆಯುವ ಆಳಿನ ಕೂಲಿ ಬೇರೆ. ಕಲ್ಲುಪುಡಿ ಬಿದ್ದರೆ ಭೂಮಿಗೆ ಸತ್ವವೆಂದು ಕೆಲವರು ರೈತರಿಗೆ ಸಮಾಧಾನ ಹೇಳುವುದುಂಟು. ಗ್ರಾನೈಟಿನ ಪುಡಿಯಲ್ಲಿರುವ ಪೊಟ್ಯಾಷ್ ಬೆಳೆಯ ಬೇರಿಗೆ ಒದಗಲು ಬಹಳ ವರ್ಷ ಹಿಡಿಯುತ್ತದೆ. ಈ ವರ್ಷದ ಸೊಪ್ಪಿಗೆ ಅದರಿಂದ ಪ್ರಯೋಜನವಿಲ್ಲ.

ಗಾಳಿಯ ದಿಕ್ಕನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಈ ಭಾಗದಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಗಾಳಿ ಬಹುಮಟ್ಟಿಗೆ ಪೂರ್ವದಿಂದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದಿಂದ ಬೀಸುತ್ತದೆ. ಹಾಗಾಗಿ ಚಳಿಗಾಲದಲ್ಲಿ ಕ್ರಷರಿನ ಪಶ್ಚಿಮಕ್ಕಿರುವ ತೋಟಕ್ಕೆ ಧೂಳು ಹೆಚ್ಚು. ಅದೇ ಕಾಲದಲ್ಲಿ ಪೂರ್ವಕ್ಕಿರುವ ತೋಟದ ಇಳುವರಿಯನ್ನು ಬರೆದಿಟ್ಟರೆ ಹೋಲಿಕೆಗೆ ಅದೇ ಆಧಾರ.

ನೀರು ಮತ್ತು ಮದ್ದು

ಬೆಟ್ಟದ ಬುಡದಲ್ಲಿ ಕೆರೆ ಕಟ್ಟಿದ ಹಿರಿಯರು ಬೆಟ್ಟವನ್ನೂ ಕೆರೆಯ ಭಾಗವೆಂದೇ ಎಣಿಸಿದ್ದರು. ಬೆಟ್ಟದ ಮೇಲೆ ಬಿದ್ದ ನೀರು ಕಾಲುವೆಯಲ್ಲಿ ಹರಿದು ಕೆರೆ ಸೇರುತ್ತಿತ್ತು. ಬೆಟ್ಟ ಹೋಗಿ ಗುಂಡಿಯಾದರೆ ಆ ನೀರು ಗುಂಡಿಯಲ್ಲಿಯೇ ನಿಲ್ಲುತ್ತದೆ. ಎಂ-ಸ್ಯಾಂಡ್ ತೊಳೆದ ಕೆಸರು ರಾಜಕಾಲುವೆಗೆ ಇಳಿದು ಗಟ್ಟಿಯಾಗಿ ಕೂರುತ್ತದೆ. ಗುಂಡಿ ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಹೋದಾಗ ಪಂಪು ಇಟ್ಟು ನೀರು ಹೊರಹಾಕುವುದರಿಂದ ಹತ್ತಿರದ ಬಾವಿಗಳಿಂದ ನೀರು ಅತ್ತ ಜಾರುತ್ತದೆ. ಸಿಡಿತದಿಂದ ಕೊಳವೆ ಬಾವಿಯ ಗೋಡೆ ಕುಸಿಯುವ ಸಂಭವವೂ ಇದೆ.

ಆದರೆ ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಈ ನಾಲ್ಕೂ ತಾಲ್ಲೂಕುಗಳು ಅಂತರ್ಜಲವನ್ನು ಅತಿಯಾಗಿ ಬಳಸಿದ ತಾಲ್ಲೂಕುಗಳ ಪಟ್ಟಿಗೆ ಸೇರಿದವು. ಬತ್ತಿದ ಪ್ರತಿ ಬಾವಿಗೂ ಕ್ವಾರಿಯೇ ಕಾರಣವೆಂದರೆ ವಾದ ನಿಲ್ಲುವುದಿಲ್ಲ. ಕ್ವಾರಿಗೆ ಹತ್ತಿರದ ಬಾವಿಗಳು ಬೇಗ ಇಳಿದು, ಒಂದೆರಡು ಕಿಲೋಮೀಟರು ದೂರದ ಬಾವಿಗಳು ನಿಧಾನವಾಗಿ ಇಳಿದಿದ್ದರೆ ಮಾತ್ರ ವಾದಕ್ಕೆ ಬಲ ಬರುತ್ತದೆ.

ಸಿಡಿತದ ಕಂಪನಕ್ಕೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು 1997ರಲ್ಲಿಯೇ ಮಿತಿ ಗೊತ್ತುಮಾಡಿದೆ. ಗಣಿ ಮಾಲೀಕನಿಗೆ ಸೇರದ ಮನೆಗಳ ಬಳಿ ನೆಲದ ಕಂಪನದ ವೇಗ, ಕಂಪನದ ಆವರ್ತನವನ್ನು ಅನುಸರಿಸಿ, ಸೆಕೆಂಡಿಗೆ 5, 10 ಅಥವಾ 15 ಮಿಲಿಮೀಟರನ್ನು ಮೀರಬಾರದು. ಇದನ್ನು ಅಳೆಯುವ ಯಂತ್ರವಿದೆ. ಅಳತೆ ಮಾಡಿಸಬೇಕೆಂದು ಗ್ರಾಮಸ್ಥರು ಬರವಣಿಗೆಯಲ್ಲಿ ಕೇಳಬಹುದು. ಸಿಡಿಮದ್ದನ್ನು ಲಘುವಾಗಿ ಕಂಡರೆ ಏನಾಗುತ್ತದೆಂಬುದನ್ನು 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಫೆಬ್ರವರಿಯಲ್ಲಿ ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ತೋರಿಸಿಕೊಟ್ಟವು. ಹಿರೇನಾಗವಲ್ಲಿಯಲ್ಲಿ ಆರು ಜನ ಸತ್ತರು.

ಫಿಲ್ಟರ್ ಮರಳು: ಹೊಲವನ್ನೇ ತೊಳೆದು ಮಾರುವುದು

ನದಿ ಮರಳು ದುಬಾರಿಯಾದಾಗ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಗಳಲ್ಲಿ ಫಿಲ್ಟರ್ ಮರಳಿನ ದಂಧೆ ಬೆಳೆಯಿತು. ಕೆರೆಯಂಗಳದ ಮಣ್ಣನ್ನು, ಕೊನೆಗೆ ಹೊಲದ ಮಣ್ಣನ್ನು ಜೆ.ಸಿ.ಬಿ.ಯಿಂದ ತೆಗೆದು, ನೀರಿನಲ್ಲಿ ತೊಳೆದು, ಜೇಡಿಯನ್ನು ಕಾಲುವೆಗೆ ಬಿಟ್ಟು, ಉಳಿದ ಮರಳನ್ನು ಮಾರುವುದು ಇದರ ಕ್ರಮ. ಇದು ಕಾನೂನುಬಾಹಿರ. ಆದರೂ ಒಂದು ಎಕರೆಗೆ ಒಟ್ಟಿಗೆ ಕೈಗೆ ಬರುವ ಮುಂಗಡ ಹಣ ನೋಡಿ ಜಮೀನು ಬಿಟ್ಟುಕೊಟ್ಟ ರೈತರಿದ್ದಾರೆ. ಅವರನ್ನು ಬೈಯುವುದು ಸುಲಭ. ಮೂರು ವರ್ಷ ಮಳೆ ಕೈಕೊಟ್ಟವನ ಮನೆಯ ಲೆಕ್ಕ ಬೇರೆಯೇ ಇರುತ್ತದೆ. ಆದರೂ ಮಾರಿದ್ದು ಏನೆಂಬುದನ್ನು ಲೆಕ್ಕ ಹಾಕಿ ನೋಡಬೇಕು.

ಒಂದು ಎಕರೆಯಲ್ಲಿ ಒಂದು ಅಡಿ ಆಳದ ಮಣ್ಣು ಸುಮಾರು 1,230 ಘನ ಮೀಟರು. ತೂಕದಲ್ಲಿ ಸುಮಾರು 1,850 ಟನ್. ಹತ್ತು ಟನ್ನಿನ ಟಿಪ್ಪರಿನಲ್ಲಿ 185 ಲೋಡು. ಕೆಂಪು ಮಣ್ಣಿನಲ್ಲಿ ಸಾವಯವ ಇಂಗಾಲ ಶೇಕಡ ಅರ್ಧದಷ್ಟು ಮಾತ್ರ ಇದ್ದರೂ ಆ ಮಣ್ಣಿನೊಡನೆ 9 ಟನ್ ಇಂಗಾಲ ಹೋಯಿತು. ಎಕರೆಗೆ ವರ್ಷಕ್ಕೆ 3 ಟನ್ ಕೊಟ್ಟಿಗೆ ಗೊಬ್ಬರ ಹಾಕಿದರೆ ಅದರಲ್ಲಿ ಸಿಕ್ಕುವ ಇಂಗಾಲ ಅರ್ಧ ಟನ್ ಮುಟ್ಟುವುದು ಕಷ್ಟ. ಅದರಲ್ಲಿಯೂ ಬಹುಪಾಲು ಕೊಳೆತು ಗಾಳಿಗೆ ಸೇರುತ್ತದೆ. ನೀರು ಹಿಡಿದಿಡುವ ಜೇಡಿ ಕಾಲುವೆಯ ಪಾಲಾಗಿರುತ್ತದೆ. ಉಳಿದ ಗೊರಸು ನೆಲದಲ್ಲಿ ಹತ್ತು ದಿನ ಮಳೆ ಹಿಂದೆಗೆದರೆ ರಾಗಿ ಸುರುಟಿಕೊಳ್ಳುತ್ತದೆ.

ಇಲ್ಲಿ ಇನ್ನೊಂದು ತೊಡಕು. ಅನುಮತಿಯಿಲ್ಲದೆ ಖನಿಜ ತೆಗೆದರೆ 2015ರಲ್ಲಿ ತಿದ್ದುಪಡಿಯಾದ ಗಣಿ ಮತ್ತು ಖನಿಜಗಳ ಕಾಯಿದೆಯ ಪ್ರಕಾರ ಐದು ವರ್ಷದವರೆಗೆ ಸೆರೆವಾಸ, ಹೆಕ್ಟೇರಿಗೆ 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಅಧಿಕಾರಿಗಳು ಬಂದ ದಿನ ಟಿಪ್ಪರಿನವನು ಇರುವುದಿಲ್ಲ, ಮುಂಗಡ ಕೊಟ್ಟವನು ಇರುವುದಿಲ್ಲ. ಪಹಣಿಯಲ್ಲಿ ಹೆಸರಿರುವ ರೈತನು ಮಾತ್ರ ಅಲ್ಲಿಯೇ ಇರುತ್ತಾನೆ. ಜಮೀನಿನ ಮೇಲೆ ಬೆಳೆ ಸಾಲವಿದ್ದರೆ ಅದೂ ಹಾಗೆಯೇ ಉಳಿದಿರುತ್ತದೆ.

ಹಾನಿ ಮಾಡಿದವನೇ ತೆರಬೇಕೆಂಬ ನಿಯಮ

1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎರಡು ಮುಖ್ಯ ತೀರ್ಪುಗಳನ್ನು ಕೊಟ್ಟಿತು. ರಾಜಸ್ಥಾನದ ಬಿಚ್ಛ್ರಿ ಗ್ರಾಮದ ಬಾವಿಗಳನ್ನೂ ಹೊಲಗಳನ್ನೂ ಕೆಡಿಸಿದ ರಾಸಾಯನಿಕ ಕಾರ್ಖಾನೆಗಳ ಪ್ರಕರಣದಲ್ಲಿ, ಅಪಾಯಕರ ಉದ್ಯಮ ನಡೆಸುವವನು ತಾನು ಎಚ್ಚರಿಕೆ ವಹಿಸಿದ್ದೆನೆಂದು ಹೇಳಿ ಪಾರಾಗುವಂತಿಲ್ಲ, ನಷ್ಟವನ್ನೂ ತುಂಬಬೇಕು, ಮಣ್ಣು ನೀರನ್ನೂ ಸರಿಪಡಿಸುವ ಖರ್ಚು ಕೊಡಬೇಕು ಎಂದಿತು. ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಕೆಲಸದಿಂದ ಪರಿಸರಕ್ಕೆ ಕೇಡಿಲ್ಲವೆಂದು ತೋರಿಸುವ ಹೊಣೆ ಉದ್ಯಮಿಯದೇ ಎಂದು ಹೇಳಿತು. “ಮಳೆ ಇಲ್ಲ, ನಾವೇನು ಮಾಡೋಣ” ಎಂಬ ಮಾತಿಗೆ ಇದೇ ಉತ್ತರ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯಿದೆಯಲ್ಲಿ ಈ ತತ್ವಗಳು ಶಾಸನವಾಗಿಯೇ ಸೇರಿವೆ.

ಕಲ್ಲುಗಣಿಗಳ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು 2012ರ ಫೆಬ್ರವರಿ 27ರ ದೀಪಕ್ ಕುಮಾರ್ ಪ್ರಕರಣದ ಆದೇಶ. ಅದಕ್ಕೆ ಮೊದಲು ಐದು ಹೆಕ್ಟೇರಿಗಿಂತ ಚಿಕ್ಕ ಗಣಿಗಳಿಗೆ ಪರಿಸರ ಅನುಮತಿಯ ಅಗತ್ಯವಿಲ್ಲವೆಂದು, ದೊಡ್ಡ ಪ್ರದೇಶವನ್ನು ತುಂಡು ತುಂಡಾಗಿ ಹಂಚಿ ಗುತ್ತಿಗೆ ಪಡೆಯುವ ಚಾಳಿಯಿತ್ತು. ಚಿಕ್ಕ ಗುತ್ತಿಗೆಗೂ ಅನುಮತಿ ಬೇಕೆಂದು ಆ ಆದೇಶ ವಿಧಿಸಿತು. ನಮ್ಮ ರಾಜ್ಯದಲ್ಲಿ ಕ್ರಷರುಗಳಿಗೆ 2011ರ ಕಲ್ಲುಪುಡಿ ಘಟಕಗಳ ನಿಯಂತ್ರಣ ಕಾಯಿದೆ ಬೇರೆ ಇದ್ದು, ಅದರ ಪ್ರಕಾರ ಸುರಕ್ಷಿತ ವಲಯದಲ್ಲಿ ಮಾತ್ರ, ಜಿಲ್ಲಾ ಪ್ರಾಧಿಕಾರದ ಪರವಾನಗಿ ಪಡೆದು ಕ್ರಷರ್ ನಡೆಸಬೇಕು. ಕ್ರಷರ್ ಯಂತ್ರದಿಂದ 3ರಿಂದ 10 ಮೀಟರು ದೂರದಲ್ಲಿ ಗಾಳಿಯ ತೇಲುಕಣಗಳು ಘನ ಮೀಟರಿಗೆ 600 ಮೈಕ್ರೋಗ್ರಾಂ ಮೀರಬಾರದು. ಗಾಳಿತಡೆ ಗೋಡೆ, ನೀರು ಚಿಮುಕಿಸುವ ವ್ಯವಸ್ಥೆ, ಆವರಣದೊಳಗೆ ಗಟ್ಟಿ ರಸ್ತೆ, ಸುತ್ತ ಮರಗಳ ಸಾಲು ಕಡ್ಡಾಯ. ರಸ್ತೆಯಲ್ಲಿ ಹೋಗುವವರೂ ಇವು ಇವೆಯೋ ಇಲ್ಲವೋ ಎಂಬುದನ್ನು ಕಣ್ಣಾರೆ ನೋಡಿ ಹೇಳಬಹುದು.

ಬಳ್ಳಾರಿಯ ಪಾಠ

ತೆರುವ ನಿಯಮ ನಿಜವಾಗಿ ಜಾರಿಯಾದರೆ ಹೇಗಿರುತ್ತದೆ, ಎಲ್ಲಿ ಸೋಲುತ್ತದೆ ಎರಡನ್ನೂ ಬಳ್ಳಾರಿಯಲ್ಲಿ ಕಾಣಬಹುದು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2008ರಲ್ಲಿಯೂ 2011ರಲ್ಲಿಯೂ ಅಕ್ರಮ ಗಣಿಗಾರಿಕೆಯ ಬಗ್ಗೆ ವರದಿ ಕೊಟ್ಟರು. ಸಮಾಜ ಪರಿವರ್ತನ ಸಮುದಾಯ ಸಲ್ಲಿಸಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ 2013ರ ಏಪ್ರಿಲ್ 18ರಂದು ತೀರ್ಪು ಬಂದಿತು. ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ‘ಬಿ’ ವರ್ಗದವರು ಗಡಿ ಮೀರಿ ತೋಡಿದ ಪ್ರತಿ ಹೆಕ್ಟೇರಿಗೆ 5 ಕೋಟಿ, ಗಡಿ ಮೀರಿ ಮಣ್ಣು ಸುರಿದ ಪ್ರತಿ ಹೆಕ್ಟೇರಿಗೆ 1 ಕೋಟಿ ರೂಪಾಯಿ ಕಟ್ಟಬೇಕಾಯಿತು. ಪ್ರತಿಯೊಂದು ಗಣಿಗೂ ಪುನಶ್ಚೇತನ ಯೋಜನೆ ಮಾಡಿ, ಅದನ್ನು ಜಾರಿಗೆ ತರದೆ ಗಣಿ ತೆರೆಯಕೂಡದೆಂದು ವಿಧಿಸಲಾಯಿತು.

ಹಣ ಕೂಡಿತು. ಅದನ್ನು ಖರ್ಚು ಮಾಡಲು 2014ರಲ್ಲಿ ಗಣಿ ಪರಿಸರ ಪುನಶ್ಚೇತನ ನಿಗಮವೂ ಹುಟ್ಟಿತು. ಆದರೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಸಿಕ್ಕಿ, ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರು ಮೇಲ್ವಿಚಾರಣೆಗೆ ನೇಮಕವಾದದ್ದು 2022ರಲ್ಲಿ. ಗಣಿ ನಿಂತು ಹನ್ನೊಂದು ವರ್ಷಗಳ ಮೇಲೆ! ಕೆಂಪು ಧೂಳಿನಲ್ಲಿ ಜೋಳ ಕಳೆದುಕೊಂಡ ರೈತ ಅಲ್ಲಿಯವರೆಗೆ ಕಾಯಬೇಕಾಯಿತು. ಹಾಗಿದ್ದೂ ಬಳ್ಳಾರಿಯಲ್ಲಿ ಹಣವಾದರೂ ಇದೆ. ಕೋಲಾರ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದಾಗ ನೂರಕ್ಕೂ ಹೆಚ್ಚು ವರ್ಷಗಳ ಗಣಿಗಾರಿಕೆಯ ಕೋಟಿಗಟ್ಟಲೆ ಟನ್ ಸಯನೈಡ್ ಮಣ್ಣಿನ ಗುಡ್ಡಗಳು ಹಾಗೆಯೇ ಉಳಿದವು. ಬೇಸಿಗೆಯ ಗಾಳಿಗೆ ಆ ಮಣ್ಣು ಇಂದಿಗೂ ಊರು ಹೊಲಗಳ ಮೇಲೆ ಹಾರುತ್ತದೆ. ಲಾಭ ಬರುತ್ತಿರುವಾಗಲೇ ದುರಸ್ತಿಯ ಹಣವನ್ನು ಕಟ್ಟಿಸಿಕೊಳ್ಳದಿದ್ದರೆ ಆಮೇಲೆ ಕೇಳಲು ಆಳೇ ಇರುವುದಿಲ್ಲ.

ಸಾಲ ಕೊಟ್ಟವರ ಹೊಣೆ

ಗಣಿ ನಡೆಯುವುದು ಬಹುಮಟ್ಟಿಗೆ ಸಾಲದ ಹಣದಿಂದ. ಕ್ರಷರ್ ಯಂತ್ರ, ಜೆ.ಸಿ.ಬಿ., ಟಿಪ್ಪರು ಇವುಗಳ ಹಿಂದೆ ಬ್ಯಾಂಕೋ ಲೇವಾದೇವಿ ಕಂಪನಿಯೋ ಇರುತ್ತದೆ. ರೈತನಿಗೆ ಬೆಳೆ ಸಾಲ ಕೊಡುವಾಗ ಹತ್ತಾರು ಕಾಗದ ಕೇಳುವ ಬ್ಯಾಂಕು, ಕ್ರಷರಿಗೆ ಸಾಲ ಕೊಡುವಾಗ ಪಕ್ಕದ ಹಿಪ್ಪುನೇರಳೆ ತೋಟವನ್ನು ನೋಡಿತೇ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ದೊಡ್ಡ ಗಣಿಗಳನ್ನು ಸಾಲವೇ ಹುಟ್ಟಿಸುತ್ತದೆ ಎಂಬುದಕ್ಕೆ ಕುದುರೆಮುಖ ನಮ್ಮ ರಾಜ್ಯದ ಉದಾಹರಣೆ. 1975ರಲ್ಲಿ ಇರಾನ್ ದೇಶ 63 ಕೋಟಿ ಡಾಲರ್ ಸಾಲ ಕೊಟ್ಟು ಅದಿರು ಕೊಳ್ಳುವುದೆಂದು ಒಪ್ಪಂದವಾಯಿತು. 1979ರ ಕ್ರಾಂತಿಯ ನಂತರ ಸಾಲ ಕೊಟ್ಟವನು ಹಿಂದೆ ಸರಿದ, ಅದಿರನ್ನೂ ಕೊಳ್ಳಲಿಲ್ಲ. ಗಣಿ ಮಾತ್ರ ಮುಂದುವರಿಯಿತು. ಭದ್ರಾ ನದಿಗೆ ಇಳಿದ ಹೂಳಿನ ಬಗ್ಗೆ ವರ್ಷಗಟ್ಟಲೆ ವಾದ ನಡೆದು, ಸರ್ವೋಚ್ಚ ನ್ಯಾಯಾಲಯದ 2002ರ ಅಕ್ಟೋಬರ್ 30ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಆ ಹೂಳಿನ ಲೆಕ್ಕದಲ್ಲಿ ಸಾಲಗಾರ ದೇಶದ ಹೆಸರು ಎಲ್ಲಿಯೂ ಬರಲಿಲ್ಲ.

ಬೇರೆ ಕಡೆಗಳಲ್ಲಿ ಈ ವಿಚಾರ ಸ್ವಲ್ಪ ಮುಂದೆ ಹೋಗಿದೆ. 2003ರಲ್ಲಿ ಹತ್ತು ದೊಡ್ಡ ಬ್ಯಾಂಕುಗಳು ಕೂಡಿ ‘ಈಕ್ವೇಟರ್ ತತ್ವಗಳು’ ಎಂಬ ಕಟ್ಟಳೆ ಮಾಡಿಕೊಂಡವು. ಜನಕ್ಕೂ ನೆಲಜಲಕ್ಕೂ ಆಗುವ ಕೇಡನ್ನು ಪರಿಶೀಲಿಸದೆ ದೊಡ್ಡ ಯೋಜನೆಗಳಿಗೆ ಸಾಲ ಕೊಡುವುದಿಲ್ಲವೆಂಬುದು ಅದರ ಸಾರ. ಭಾರತೀಯ ರಿಸರ್ವ್ ಬ್ಯಾಂಕು 2007ರ ಡಿಸೆಂಬರಿನಲ್ಲಿ ಸುತ್ತೋಲೆ ಹೊರಡಿಸಿ ಈ ತತ್ವಗಳತ್ತ ನಮ್ಮ ಬ್ಯಾಂಕುಗಳ ಗಮನ ಸೆಳೆಯಿತು. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ತೆಗೆಯಲು ಹೊರಟ ವೇದಾಂತ ಕಂಪನಿಯ ಷೇರುಗಳನ್ನು ನಾರ್ವೆ ದೇಶದ ಸರ್ಕಾರಿ ಪಿಂಚಣಿ ನಿಧಿ 2007ರಲ್ಲಿ, ಇಂಗ್ಲೆಂಡಿನ ಚರ್ಚ್ ಸಂಸ್ಥೆ 2010ರಲ್ಲಿ ಮಾರಿಬಿಟ್ಟವು. ಆ ಬೆಟ್ಟದ ವಿಷಯವನ್ನು ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2013ರ ಏಪ್ರಿಲ್ 18ರಂದು, ಬಳ್ಳಾರಿಯ ತೀರ್ಪು ಬಂದ ದಿನವೇ. ಹನ್ನೆರಡು ಗ್ರಾಮಸಭೆಗಳು ಸೇರಿದವು, ಹನ್ನೆರಡೂ ಬೇಡವೆಂದವು.

ಗುಜರಾತಿನ ಮುಂದ್ರಾ ಬಳಿಯ ಬೆಸ್ತರು ಮತ್ತು ರೈತರು ಕಲ್ಲಿದ್ದಲು ವಿದ್ಯುತ್ ಕೇಂದ್ರಕ್ಕೆ 45 ಕೋಟಿ ಡಾಲರ್ ಸಾಲ ಕೊಟ್ಟ ಅಂತರರಾಷ್ಟ್ರೀಯ ಹಣಕಾಸು ನಿಗಮದ ಮೇಲೆಯೇ ಅಮೆರಿಕದಲ್ಲಿ ದಾವೆ ಹೂಡಿದರು. ಅಂಥ ಸಂಸ್ಥೆಗೆ ದಾವೆಯಿಂದ ಪೂರ್ಣ ರಕ್ಷಣೆಯಿಲ್ಲವೆಂದು 2019ರ ಫೆಬ್ರವರಿ 27ರಂದು ಅಲ್ಲಿನ ಸುಪ್ರೀಂ ಕೋರ್ಟು ಒಪ್ಪಿತು. ಆದರೆ ಹಾನಿಗೆ ಕಾರಣವಾದ ಕೆಲಸ ನಡೆದದ್ದು ಭಾರತದಲ್ಲಿ ಎಂಬ ಕಾರಣಕ್ಕೆ ಮುಂದೆ ಕೆಳಗಿನ ನ್ಯಾಯಾಲಯಗಳಲ್ಲಿ ದಾವೆ ನಿಲ್ಲಲಿಲ್ಲ. ಅಮೆರಿಕದಲ್ಲಿಯೇ 1990ರಲ್ಲಿ ಒಂದು ತೀರ್ಪು, ಸಾಲಗಾರ ಕಾರ್ಖಾನೆಯ ಆಡಳಿತದಲ್ಲಿ ಕೈ ಹಾಕಬಲ್ಲ ಸಾಲದಾತನೂ ವಿಷದ ಕಸ ಶುಚಿ ಮಾಡುವ ಖರ್ಚಿಗೆ ಹೊಣೆಯಾಗಬಹುದೆಂದು ಹೇಳಿದಾಗ ಬ್ಯಾಂಕುಗಳು ಗಾಬರಿಗೊಂಡವು. 1996ರಲ್ಲಿ ಕಾಯಿದೆ ತಿದ್ದಿ ಆ ಹೊಣೆಯನ್ನು ತಗ್ಗಿಸಿಕೊಂಡವು. ಒಟ್ಟಿನಲ್ಲಿ ನಮ್ಮ ದೇಶದಲ್ಲಿ ಸಾಲ ಕೊಟ್ಟ ಮಾತ್ರಕ್ಕೆ ಬ್ಯಾಂಕು ನಷ್ಟ ತುಂಬಬೇಕೆಂಬ ಶಾಸನವಿಲ್ಲ. ಇಲ್ಲದ ಹಕ್ಕನ್ನು ಇದೆಯೆಂದು ನಂಬಿ ವಕೀಲರಿಗೆ ಹಣ ಸುರಿಯುವುದು ಬೇಡ.

ಹಾಗಾದರೆ ಬ್ಯಾಂಕಿಗೆ ಬರೆಯುವುದರಿಂದ ಪ್ರಯೋಜನವಿಲ್ಲವೇ? ಇದೆ. ಸಾಲದ ಕರಾರಿನಲ್ಲಿ ಸಾಲಗಾರನು ಎಲ್ಲ ಪರವಾನಗಿಗಳನ್ನೂ ಪಡೆದು ಷರತ್ತು ಪಾಲಿಸುವುದಾಗಿ ಒಪ್ಪಿಕೊಳ್ಳುವುದು ವಾಡಿಕೆ. ಷರತ್ತು ಮುರಿದು ಮಾಲಿನ್ಯ ನಿಯಂತ್ರಣ ಮಂಡಳಿ ಘಟಕವನ್ನು ಮುಚ್ಚಿಸಿದರೆ, ವಿದ್ಯುತ್ ಕಡಿತ ಮಾಡಿಸಿದರೆ, ಬ್ಯಾಂಕಿನ ಹಣಕ್ಕೇ ಅಪಾಯ. ಆದುದರಿಂದ ಮಂಡಳಿಯ ನೋಟೀಸಿನ ನಕಲು, ತಪಾಸಣಾ ವರದಿ ಇವುಗಳೊಡನೆ ಬ್ಯಾಂಕಿನ ಶಾಖೆಗೂ ವಲಯ ಕಚೇರಿಗೂ ನೋಂದಾಯಿತ ಅಂಚೆಯಲ್ಲಿ ಪತ್ರ ಕಳುಹಿಸಿದರೆ ಮುಂದಿನ ಕಂತು ಬಿಡುಗಡೆ ಮಾಡುವ ಮೊದಲು ಅಧಿಕಾರಿ ಯೋಚಿಸಬೇಕಾಗುತ್ತದೆ. ಮುಂದೆ ತನಗೆ ತಿಳಿದಿರಲಿಲ್ಲವೆಂದು ಹೇಳುವ ದಾರಿಯೂ ಮುಚ್ಚುತ್ತದೆ. ಬರಿಯ ದೂರನ್ನು ಕಾಗದಪತ್ರವಿಲ್ಲದೆ ಬರೆದರೆ ಅದು ಕಡತಕ್ಕೆ ಸೇರುವುದಷ್ಟೇ. ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇರುವುದು ಬ್ಯಾಂಕಿನ ಗ್ರಾಹಕರ ದೂರಿಗಾಗಿ. ಅಲ್ಲಿಗೆ ಹೋಗಿ ಕಾಲ ಕಳೆಯಬೇಕಾಗಿಲ್ಲ.

ಸಾಲ ಕೊಟ್ಟವರು ಯಾರೆಂದು ತಿಳಿಯುವುದು ಹೇಗೆ? ಕ್ರಷರ್ ಇರುವ ಸರ್ವೆ ನಂಬರಿನ ಪಹಣಿ ತೆಗೆಸಿ 11ನೇ ಕಾಲಂ ನೋಡಬೇಕು. ಜಮೀನು ಅಡವಿದ್ದರೆ ಅಲ್ಲಿ ಋಣ ನಮೂದಾಗಿರುತ್ತದೆ. ಉಪ ನೋಂದಣಾಧಿಕಾರಿಗಳ ಕಚೇರಿಯ ಋಣಭಾರ ಪತ್ರದಲ್ಲಿಯೂ ಸಿಕ್ಕುತ್ತದೆ. ನಡೆಸುವುದು ನೋಂದಾಯಿತ ಕಂಪನಿಯಾಗಿದ್ದರೆ ಅದರ ಆಸ್ತಿಯ ಮೇಲಿನ ಸಾಲಗಳ ಪಟ್ಟಿ ಕಂಪನಿ ರಿಜಿಸ್ಟ್ರಾರರಲ್ಲಿರುತ್ತದೆ. ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು.

ನಷ್ಟದ ಲೆಕ್ಕ

ಪರಿಹಾರ ಕೇಳುವವರು ಸಾಮಾನ್ಯವಾಗಿ “ಬೆಳೆಯೆಲ್ಲ ಹಾಳಾಯಿತು” ಎಂದು ಬರೆಯುತ್ತಾರೆ. ಈ ಮಾತಿಗೆ ಯಾವ ಕಚೇರಿಯೂ ಬೆಲೆ ಕಟ್ಟಲಾರದು. ರೇಷ್ಮೆ ಬೆಳೆಗಾರನೊಬ್ಬನು 200 ಮೊಟ್ಟೆಗೆ ಮಳೆಗಾಲದ ಬೆಳೆಯಲ್ಲಿ 130 ಕಿಲೋ ಗೂಡು ತೆಗೆಯುತ್ತಾನೆ, ಜನವರಿಯಿಂದ ಏಪ್ರಿಲ್‌ವರೆಗಿನ ಎರಡು ಬೆಳೆಗಳಲ್ಲಿ ಒಂದೊಂದಕ್ಕೆ 100 ಕಿಲೋ ಮಾತ್ರ ಬಂತು ಎಂದುಕೊಳ್ಳೋಣ. ಅದೇ ಎರಡು ಬೆಳೆಗಳಲ್ಲಿ ಧೂಳಿಲ್ಲದ ಕಡೆಯ ನೆರೆಯವನಿಗೆ, ಅದೇ ತಳಿಗೆ, 120 ಕಿಲೋ ಬಂದಿದ್ದರೆ ಹತ್ತು ಕಿಲೋ ಬೇಸಿಗೆಯ ಪಾಲು, ಇಪ್ಪತ್ತು ಕಿಲೋ ಧೂಳಿನ ಪಾಲು. ಎರಡು ಬೆಳೆಗೆ ನಲವತ್ತು ಕಿಲೋ. ಕಿಲೋಗೆ 500 ರೂಪಾಯಿಯೆಂದರೆ ನಷ್ಟ 20,000 ರೂಪಾಯಿ; ಮೂವತ್ತು ಕಿಲೋವನ್ನೂ ಧೂಳಿಗೆ ಹೊರಿಸಿ 30,000 ಕೇಳಿದರೆ ಮೊದಲ ಪ್ರಶ್ನೆಯಲ್ಲಿಯೇ ಲೆಕ್ಕ ಬೀಳುತ್ತದೆ. ಗೂಡಿನ ಮಾರುಕಟ್ಟೆಯ ರಸೀತಿ, ಮೊಟ್ಟೆ ಕೊಂಡ ಚೀಟಿ, ಸೊಪ್ಪು ತೊಳೆದ ಆಳುಗಳ ಕೂಲಿ ಪಟ್ಟಿ ಇವುಗಳನ್ನು ಜೊತೆಗಿಡಬೇಕು.

ಕ್ವಾರಿ ಆರಂಭವಾಗುವ ಮೊದಲಿನ ಸ್ಥಿತಿಯ ದಾಖಲೆಗೆ ಬೆಲೆ ಹೆಚ್ಚು. ಊರಿನಲ್ಲಿ ಗುತ್ತಿಗೆಯ ಸುದ್ದಿ ಬಂದ ಕೂಡಲೇ ಮಣ್ಣು ಪರೀಕ್ಷೆ ಮಾಡಿಸಿ ಚೀಟಿ ಇಟ್ಟುಕೊಳ್ಳಬೇಕು. ಐದಾರು ಕೊಳವೆ ಬಾವಿಗಳ ನೀರಿನ ಮಟ್ಟವನ್ನು, ಪಂಪು ನಿಲ್ಲಿಸಿ ಒಂದು ರಾತ್ರಿ ಬಿಟ್ಟು, ತಿಂಗಳಿಗೊಮ್ಮೆ ಅಳೆದು ಒಂದೇ ಪುಸ್ತಕದಲ್ಲಿ ಬರೆಯಬೇಕು. ಮನೆ ಗೋಡೆಗಳ ಚಿತ್ರಗಳನ್ನು ದಿನಾಂಕ ಸಮೇತ ತೆಗೆದಿಡಬೇಕು. ಹಾನಿಯಾದ ಮೇಲೆ ತೋಟಗಾರಿಕೆ, ರೇಷ್ಮೆ ಅಥವಾ ಕೃಷಿ ಇಲಾಖೆಯ ಅಧಿಕಾರಿಯನ್ನೂ ಕಂದಾಯ ಸಿಬ್ಬಂದಿಯನ್ನೂ ಕರೆಸಿ ಮಹಜರು ಬರೆಸಬೇಕು.

ಎಲ್ಲಿ, ಎಷ್ಟರೊಳಗೆ ಕೇಳಬೇಕು?

ಪರಿಸರ ಅನುಮತಿ ಪಡೆದವನು ಅದರ ನಕಲನ್ನು ಗ್ರಾಮ ಪಂಚಾಯಿತಿಗೆ ಕೊಡಬೇಕು; ಪಂಚಾಯಿತಿ ಅದನ್ನು 30 ದಿನ ಪ್ರಕಟಿಸಬೇಕು. ಷರತ್ತುಗಳನ್ನು ಹೇಗೆ ಪಾಲಿಸಿದ್ದಾನೆಂಬ ವರದಿಯನ್ನು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಇವು ಸಾರ್ವಜನಿಕ ದಾಖಲೆಗಳು. ಪಂಚಾಯಿತಿಯಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ, ಹತ್ತು ರೂಪಾಯಿ ಶುಲ್ಕ ಕೊಟ್ಟು, ಗಣಿ ಮತ್ತು ಭೂವಿಜ್ಞಾನ ಇಲಾಖೆಯಿಂದ ಗುತ್ತಿಗೆಯ ನಕ್ಷೆಯನ್ನೂ, ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸಮ್ಮತಿ ಪತ್ರವನ್ನೂ ಕೇಳಬಹುದು. ನಕ್ಷೆ ಕೈಗೆ ಬಂದಾಗ ಗುಂಡಿ ಗಡಿ ದಾಟಿದೆಯೇ ಎಂದು ಮೊದಲು ನೋಡಬೇಕು. ವರದಿಯಲ್ಲಿ ಮರ ನೆಟ್ಟಿದ್ದೇವೆಂದು ಬರೆದು ಸ್ಥಳದಲ್ಲಿ ಜಾಲಿಯೂ ಇಲ್ಲದಿದ್ದರೆ ಅದೇ ಒಂದು ಸಾಕ್ಷ್ಯ.

ದೂರನ್ನು ಮಂಡಳಿಯ ಪ್ರಾದೇಶಿಕ ಕಚೇರಿಗೂ ಜಿಲ್ಲಾಧಿಕಾರಿಗಳಿಗೂ ಕೊಟ್ಟು ಸ್ವೀಕೃತಿ ಪಡೆಯಬೇಕು. ಪರಿಹಾರ ಅಲ್ಲಿ ಸಿಗದಿದ್ದರೆ ಹಸಿರು ನ್ಯಾಯಮಂಡಳಿಯಿದೆ. ಕರ್ನಾಟಕವು ಚೆನ್ನೈನ ದಕ್ಷಿಣ ಪೀಠಕ್ಕೆ ಸೇರಿದೆ. ಇಲ್ಲಿ ಕಾಲಮಿತಿಯನ್ನು ಮರೆಯಬಾರದು. ಗಣಿಯ ಕೆಲಸ ತಡೆಯಬೇಕು, ಷರತ್ತು ಪಾಲನೆ ಮಾಡಿಸಬೇಕು ಎಂಬಂಥ ವಿವಾದಗಳಿಗೆ ಕಾರಣ ಮೊದಲು ಉಂಟಾದ ದಿನದಿಂದ ಆರು ತಿಂಗಳು. ಪರಿಹಾರಕ್ಕೆ ಮತ್ತು ಜಮೀನು ಸರಿಪಡಿಸಿ ಕೊಡುವುದಕ್ಕೆ ಐದು ವರ್ಷ. ಸಾಕಷ್ಟು ಕಾರಣ ತೋರಿಸಿದರೆ ಮೇಲೆ 60 ದಿನಗಳ ರಿಯಾಯಿತಿ ಸಿಗಬಹುದು, ಅದಕ್ಕಿಂತ ಹೆಚ್ಚಿಲ್ಲ. ಪರಿಹಾರ ಕೇಳುವ ಅರ್ಜಿಗೆ ಕೇಳಿದ ಮೊತ್ತದ ಶೇಕಡ 1ರಷ್ಟು, ಕನಿಷ್ಠ 1,000 ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಊರಿನ ಐದಾರು ಜನ ಕೂಡಿ ಒಂದೇ ಅರ್ಜಿ ಸಲ್ಲಿಸಿದರೆ ಚೆನ್ನೈಗೆ ಹೋಗಿ ಬರುವ ಖರ್ಚೂ ಹಂಚಿಹೋಗುತ್ತದೆ.

ಇದಲ್ಲದೆ 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿ ಗುತ್ತಿಗೆದಾರರು ರಾಜಧನದ ಒಂದು ಪಾಲನ್ನು ಕಟ್ಟುತ್ತಾರೆ. ಇದು ಗಣಿ ಬಾಧಿತರ ಹಣ. ಕುಡಿಯುವ ನೀರು, ಆರೋಗ್ಯ, ಪರಿಸರ ಸಂರಕ್ಷಣೆಗೆ ಮೊದಲ ಆದ್ಯತೆಯಲ್ಲಿ ಖರ್ಚಾಗಬೇಕಾದದ್ದು. ಬಾಧಿತ ಜನರ ಮತ್ತು ಊರುಗಳ ಪಟ್ಟಿಯನ್ನು ಪ್ರತಿಷ್ಠಾನವು ಇಟ್ಟಿರಬೇಕು. ತಮ್ಮ ಊರು ಆ ಪಟ್ಟಿಯಲ್ಲಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ, ಇಲ್ಲದಿದ್ದರೆ ಸೇರಿಸಬೇಕೆಂದು ಠರಾವು ಮಾಡಿಸಿ ಜಿಲ್ಲಾಧಿಕಾರಿಗಳ ಕಚೇರಿಗೆ ಕಳುಹಿಸಬೇಕು. ಹೂಳು ತುಂಬಿದ ರಾಜಕಾಲುವೆ ತೆಗೆಸುವುದು, ಟಿಪ್ಪರ್ ಓಡಾಡುವ ರಸ್ತೆಗೆ ಡಾಂಬರು ಹಾಕಿಸುವುದು, ಕ್ರಷರಿನಲ್ಲಿ ದುಡಿಯುವವರ ಎದೆ ತಪಾಸಣೆ, ಇಂಥ ಕೆಲಸಗಳನ್ನು ಅಂದಾಜು ಪಟ್ಟಿಯೊಡನೆ ಕೇಳಿದರೆ ಅರ್ಜಿ ಬೇಗ ಮುಂದೆ ಹೋಗುತ್ತದೆ. ಠರಾವಿನಲ್ಲಿ ಸರ್ವೆ ನಂಬರು, ಕಾಲುವೆಯ ಉದ್ದ, ಕ್ವಾರಿಯಿಂದ ಊರಿಗಿರುವ ದೂರ ಈ ಮೂರನ್ನೂ ತಪ್ಪದೆ ಬರೆಸಬೇಕು.